ಕನ್ಹರ್ ಎಂಬ ಮುತ್ಯಾ

ಮನೆತನಗಳ ವಂಶಾವಳಿ ಹೇಳುವ ಹೆಳವ ನಮ್ಮೂರಿಗೆ ಬರುತ್ತಿದ್ದದ್ದು ಜೋಳದ ರಾಶಿ ಮುಗಿದ ಮೇಲೆ. ಯಾರ ಮನೆಯಲ್ಲಿ ಕಾಳು ತುಂಬಿದೆ ಅನ್ನೋದು ಅವನಿಗೆ ಹೇಗೋ ಗೊತ್ತಾಗುತ್ತಿತ್ತು. ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಓಣಿಯೊಳಗೆ ಬಂದರೆ ನಾವು ಹುಡುಗರು ಆಟ ಬಿಟ್ಟು ಹಿಂದೆ ಓಡುತ್ತಿದ್ದೆವು. ಹೆಳವ ಅಂದರೆ ಕಾಲಿಲ್ಲದವನು ಅಂತ ಅರ್ಥ. ನಮ್ಮ ಮನೆಗೆ ಬರುತ್ತಿದ್ದವನಿಗೆ ಎರಡೂ ಕಾಲು ಗಟ್ಟಿಯಾಗೇ ಇದ್ದವು. ಆದರೂ ಎತ್ತಿನ ಮೇಲಿಂದ ಇಳಿಯುತ್ತಿರಲಿಲ್ಲ. ಅಲ್ಲೇ ಕೂತು ಶುರು ಮಾಡುತ್ತಿದ್ದ.

ಮುತ್ಯಾ, ಅಂದರೆ ನನ್ನ ಅಜ್ಜ, ಕಟ್ಟೆಯ ಮೇಲೆ ಕೂತು ಕಣ್ಣು ಮುಚ್ಚಿ ಕೇಳುತ್ತಿದ್ದರು. ಮುತ್ಯಾನ ಅಪ್ಪ ಇಂಥವರು, ಅವರ ಅಪ್ಪ ಇಂಥವರು, ಅವರಿಗೆ ಮೂವರು ಗಂಡುಮಕ್ಕಳು, ಅದರಲ್ಲಿ ನಡುವಿನವರು ಬರಗಾಲದಲ್ಲಿ ಎತ್ತು ಹೊಡೆದುಕೊಂಡು ಹೊಳೆ ದಾಟಿ ಈ ಊರಿಗೆ ಬಂದರು. ಹೀಗೆ ಏಳೆಂಟು ತಲೆ ಮೇಲಕ್ಕೆ ಹೋಗಿ, ಕೊನೆಗೆ ಯಾರೋ ಒಬ್ಬ ಶೂರನ ಹತ್ತಿರ ನಿಲ್ಲುತ್ತಿತ್ತು. ಆ ಶೂರನ ಮೇಲೆ ಮತ್ತೆ ಯಾರೂ ಇಲ್ಲ. ಅವನ ಅಪ್ಪ ಯಾರು ಅಂತ ನಾನು ಒಮ್ಮೆ ಕೇಳಿದ್ದಕ್ಕೆ ಹೆಳವ ನಕ್ಕು ಗಂಟೆ ಬಾರಿಸಿದ.

ಒಂದು ವರ್ಷ ಆಯಿ, ಅಂದರೆ ಅಜ್ಜಿ, ಒಳಗಿನಿಂದಲೇ ಕೂಗಿ ಕೇಳಿದರು, "ನನ್ನ ಹೆಸರೇನರ ಐತೇನೋ ಅದರಾಗ?"

"ನಿಮ್ಮ ಹೆಸರು ನಿಮ್ಮ ತವರಮನಿ ಹೆಳವನ ಕಡೆ ಇರಬೇಕ್ರಿ ಅವ್ವಾರ."

"ಅಲ್ಲಿ ಕೇಳಿದ್ರ ಗಂಡನ ಮನ್ಯಾಗ ಕೇಳು ಅಂದಾನ," ಅಂತ ಗೊಣಗುತ್ತಲೇ ಆಯಿ ಮೊರದ ತುಂಬ ಜೋಳ ತಂದು ಸುರಿದರು.

ಇದೆಲ್ಲ ನೆನಪಾದದ್ದು ಇತ್ತೀಚೆಗೆ, ಬೆಂಗಳೂರಿನಲ್ಲಿ, ಬಿಜಾಪುರದಲ್ಲಿ ಕೂತು ಇತಿಹಾಸ ಬರೆದ ಫರಿಶ್ತಾನನ್ನು ಓದುವಾಗ. ವಿಜಯಪುರದ ಕಡೆಯವನಾಗಿ ನಾನು ಅವನ ಹೆಸರನ್ನು ಸಾವಿರ ಸಲ ಕೇಳಿದ್ದೆ. ಗೈಡುಗಳು ಹೇಳುತ್ತಾರೆ, ಸ್ಕೂಲ್ ಪುಸ್ತಕದಲ್ಲಿ ಒಂದು ಸಾಲು ಇರುತ್ತೆ. ಓದಿರಲಿಲ್ಲ. ಓದಲು ಕೂತದ್ದು ಆದಿಲ್‌ಶಾಹಿಗಳ ಬಗ್ಗೆ ಒಂದು ಸಣ್ಣ ಸಂಶಯ ಪರಿಹರಿಸಿಕೊಳ್ಳೋದಕ್ಕೆ. ಆದರೆ ಪೀಠಿಕೆಯಲ್ಲೇ ಸಿಕ್ಕಿಹಾಕಿಕೊಂಡೆ. ಯಾಕೆಂದರೆ ಆ ಪೀಠಿಕೆಯಲ್ಲಿ ನನ್ನ ಮುತ್ಯಾ ಇದ್ದರು. ಮುತ್ಯಾನ ಮುತ್ಯಾ ಅಲ್ಲ, ಎಲ್ಲಾ ಕನ್ನಡದವರ ಮುತ್ಯಾ.

ಫರಿಶ್ತಾ ಹೇಳುವುದು ಇಷ್ಟು. ಪ್ರಳಯ ಇಳಿದ ಮೇಲೆ ನೂಹ್ ಪೈಗಂಬರರ ಮೂವರು ಮಕ್ಕಳಿಂದ ಲೋಕ ಮತ್ತೆ ತುಂಬಿತು. ಸಾಮ್, ಯಾಫಿಸ್, ಹಾಮ್. ಕನ್ನಡ ಬೈಬಲ್ಲಿನಲ್ಲಿ ಇವರೇ ನೋಹನ ಮಕ್ಕಳಾದ ಶೇಮ್, ಯೆಫೆತ್, ಹಾಮ್. ಹಾಮ್‌ಗೆ ಆರು ಜನ ಗಂಡುಮಕ್ಕಳು: ಹಿಂದ್, ಸಿಂದ್, ಹಬಶ್, ಅಫ್ರಂಜ್, ಹುರ್ಮುಜ್, ಬೂಯಾ. ಹಿರಿಯವನಾದ ಹಿಂದ್ ಈ ದೇಶಕ್ಕೆ ಬಂದು ನೆಲೆಸಿದ. ಅವನಿಗೆ ನಾಲ್ವರು: ಪೂರಬ್, ಬಂಗ್, ದಖನ್, ನಹರ್‌ವಾಲ್. ದಖನ್‌ಗೆ ಮೂವರು. ಅವರ ಹೆಸರು ಮರ್‌ಹಟ್, ಕನ್ಹರ್, ತಿಲಂಗ್. ದಖನ್ ತನ್ನ ನಾಡನ್ನು ಮೂವರಿಗೂ ಹಂಚಿಕೊಟ್ಟ. ಈಗಲೂ ದಖ್ಖನ್ನಿನಲ್ಲಿ ಈ ಮೂರು ಜನಗಳಿದ್ದಾರೆ.

ಮರಾಠಿಗರು, ಕನ್ನಡಿಗರು, ತೆಲುಗರು. ಅಣ್ಣತಮ್ಮಂದಿರು. ನಾನು ಪುಸ್ತಕ ಮುಚ್ಚಿ ಜೋರಾಗಿ ನಕ್ಕುಬಿಟ್ಟೆ. ನಮ್ಮ ಕಡೆ ಆಸ್ತಿ ಪಾಲಾಗೋದಕ್ಕೆ ವಾಟ್ನಿ ಅನ್ನುತ್ತಾರೆ. ದಖನ್ ಮುತ್ಯಾ ಮಾಡಿದ ವಾಟ್ನಿ ಎಷ್ಟು ಸರಿಯಾಗಿತ್ತು ಅಂದರೆ, ಮರ್‌ಹಟ್‌ನ ಮಕ್ಕಳೂ ಕನ್ಹರ್‌ನ ಮಕ್ಕಳೂ ಬೆಳಗಾವಿಗಾಗಿ ಇನ್ನೂ ಜಗಳ ಆಡುತ್ತಿದ್ದಾರೆ. ಕೃಷ್ಣಾ ನದಿ ನೀರಿಗೆ 1969ರಲ್ಲಿ ನ್ಯಾಯಮಂಡಳಿ ಕೂತಾಗ ಎದುರು ನಿಂತ ರಾಜ್ಯಗಳೂ ಮಹಾರಾಷ್ಟ್ರ, ಮೈಸೂರು, ಆಂಧ್ರ. ಅದೇ ಮೂರು ಮನೆ. ಆಲಮಟ್ಟಿ ಎತ್ತರದ ಮಾತು ಬಂದರೆ ಇವತ್ತಿಗೂ ಮೂರೂ ಕಡೆ ಬಿಸಿಯಾಗುತ್ತದೆ.

ನಗು ನಿಂತ ಮೇಲೆ ಗಮನಿಸಿದೆ, ಆ ಮನೆಯಲ್ಲಿ ತಮಿಳರಿಲ್ಲ. ಮಲಯಾಳಿಗಳೂ ಇಲ್ಲ. ಮರೆತಿರಬಹುದೇ? ನನಗೆ ಹಾಗನ್ನಿಸಲಿಲ್ಲ. ದಖ್ಖನ್ನಿನ ಸುಲ್ತಾನರ ಕೈಕೆಳಗಿದ್ದ ಪ್ರಜೆಗಳು ಆಡುತ್ತಿದ್ದ ದೊಡ್ಡ ಭಾಷೆಗಳೇ ಈ ಮೂರು. ಬಿಜಾಪುರದ ಹೊಲಗಳಲ್ಲಿ ಕನ್ನಡ, ಮರಾಠಿ. ಗೋಲ್ಕೊಂಡದಲ್ಲಿ ತೆಲುಗು. ಅಹಮದ್‌ನಗರದಲ್ಲಿ ಮರಾಠಿ. ಫರಿಶ್ತಾ ಎಲ್ಲಿ ಕೂತು ಬರೆಯುತ್ತಿದ್ದನೋ ಅಲ್ಲಿಂದ ಎಷ್ಟು ಕಾಣುತ್ತಿತ್ತೋ ಅಷ್ಟನ್ನು ಒಂದು ಮನೆ ಮಾಡಿದ್ದಾನೆ.

ಈ ಮನುಷ್ಯನ ಬಗ್ಗೆ ಸ್ವಲ್ಪ ಹೇಳಬೇಕು. ಪೂರ್ತಿ ಹೆಸರು ಮುಹಮ್ಮದ್ ಕಾಸಿಂ ಹಿಂದೂ ಶಾಹ್. ಹುಟ್ಟಿದ್ದು ಕ್ಯಾಸ್ಪಿಯನ್ ಸಮುದ್ರದ ಹತ್ತಿರದ ಅಸ್ತರಾಬಾದಿನಲ್ಲಿ, ಅಂದರೆ ಈಗಿನ ಇರಾನಿನ ಗೊರ್ಗಾನ್ ಊರಲ್ಲಿ. ಚಿಕ್ಕ ವಯಸ್ಸಲ್ಲೇ ಅಪ್ಪನ ಜೊತೆ ಅಹಮದ್‌ನಗರಕ್ಕೆ ಬಂದ. ಅಲ್ಲಿ ಸುಲ್ತಾನನ ಕೊಲೆಯಾಗಿ ಪರಿಸ್ಥಿತಿ ಕೆಟ್ಟಾಗ 1589ರಲ್ಲಿ ಬಿಜಾಪುರ ಸೇರಿದ. ಆಗ ಸಿಂಹಾಸನದಲ್ಲಿದ್ದವನು ಎರಡನೇ ಇಬ್ರಾಹಿಂ ಆದಿಲ್‌ಶಾಹ. ಜಗದ್ಗುರು ಅನ್ನಿಸಿಕೊಂಡವನು, ಹಾಡು ಕಟ್ಟಿದವನು, ಸರಸ್ವತಿಯನ್ನು ಹೊಗಳಿದವನು. ಅವನ ಮಾತಿನ ಮೇಲೆ ಫರಿಶ್ತಾ ಹಿಂದೂಸ್ತಾನದ ಇತಿಹಾಸ ಬರೆಯಲು ಕೂತ. 1606ರ ಹೊತ್ತಿಗೆ ಒಂದು ರೂಪ ಬಂತು, ಆಮೇಲೂ ತಿದ್ದಿದ. ಊರು ಬಿಟ್ಟು ಬಂದವನು ಬಂದ ಊರಿನವರಿಗೆ ಮುತ್ಯಾ ಹುಡುಕಿಕೊಟ್ಟ. ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷವಾದರೂ "ನೀವು ಯಾರ ಪೈಕಿ?" ಎಂದು ಕೇಳಿಸಿಕೊಳ್ಳುವ ನನಗೆ ಅವನ ಮೇಲೆ ಸಣ್ಣ ಹೊಟ್ಟೆಕಿಚ್ಚು.

ಈಗ ಹಾಮ್‌ನ ಆರು ಮಕ್ಕಳನ್ನು ಇನ್ನೊಮ್ಮೆ ನೋಡಿ. ಬಿಜಾಪುರದ ಪೇಟೆಯಲ್ಲಿ ನಿಂತು ನೋಡಿ. ಹಬಶ್ ಅಂದರೆ ಅಬಿಸೀನಿಯಾ, ಈಗಿನ ಇಥಿಯೋಪಿಯಾ ಕಡೆ. ಅಲ್ಲಿಂದ ಗುಲಾಮರಾಗಿ ಬಂದ ಹಬಶಿಗಳು ದಖ್ಖನ್ನಿನಲ್ಲಿ ಸೇನಾಪತಿಗಳಾದರು, ಮಂತ್ರಿಗಳಾದರು. ಫರಿಶ್ತಾ ಬಿಜಾಪುರಕ್ಕೆ ಬಂದಾಗ ಹುಡುಗ ಸುಲ್ತಾನನ ಹೆಸರಲ್ಲಿ ರಾಜ್ಯ ನಡೆಸುತ್ತಿದ್ದವನು ದಿಲಾವರ್ ಖಾನ್, ಒಬ್ಬ ಹಬಶಿ. ಅಫ್ರಂಜ್ ಅಂದರೆ ಫರಂಗಿಗಳು. 1510ರಲ್ಲಿ ಆದಿಲ್‌ಶಾಹಿಗಳ ಕೈಯಿಂದ ಗೋವಾ ಕಿತ್ತುಕೊಂಡ ಪೋರ್ಚುಗೀಸರು ಪಕ್ಕದಲ್ಲೇ ಕೂತಿದ್ದರು. ಹುರ್ಮುಜ್ ಅಂದರೆ ಕುದುರೆ ಹಡಗು ಹೊರಡುತ್ತಿದ್ದ ಬಂದರು. ಫರಿಶ್ತಾನ ಕಾಲಕ್ಕೆ ಅದೂ ಪೋರ್ಚುಗೀಸರ ಕೈಯಲ್ಲೇ ಇತ್ತು. ಅಂದರೆ ನಾಲ್ಕನೆಯ ಮಗ ಐದನೆಯವನ ಮನೆಗೆ ನುಗ್ಗಿ ಕೂತಿದ್ದ, ಹಿರಿಯ ಮಗನ ಹಿತ್ತಲನ್ನೂ ಹಿಡಿದಿದ್ದ.

ಇದನ್ನೆಲ್ಲ ಫರಿಶ್ತಾ ತಲೆಯಿಂದ ಹುಟ್ಟಿಸಿದ ಅಂತ ಅಲ್ಲ. ಅವನಿಗಿಂತ ಶತಮಾನಗಳ ಮೊದಲೇ ಅರಬ್ಬಿ, ಪಾರಸಿ ಇತಿಹಾಸಕಾರರು ಹಿಂದ್, ಸಿಂದ್ ಇಬ್ಬರನ್ನೂ ಹಾಮ್‌ನ ಕಡೆಗೆ ಸೇರಿಸಿದ್ದರು. ತುರ್ಕರು, ಮೊಗಲರು ಯಾಫಿಸ್‌ನ ಕಡೆ. ಅಕ್ಬರನ ವಂಶ ಬರೆದ ಅಬುಲ್ ಫಜಲ್ ಕೂಡ ಅದೇ ಯಾಫಿಸ್ ದಾರಿಯಲ್ಲಿ ಆದಮನವರೆಗೆ ಹೋಗಿದ್ದಾನೆ. ಕುರಾನಿನಲ್ಲಿ ಮಾತ್ರ ಈ ಮೂವರ ಹೆಸರಿಲ್ಲ. ಅಲ್ಲಿ ಬರುವುದು ನೂಹರ ಬೇರೊಬ್ಬ ಮಗ. ಹಡಗು ಹತ್ತು ಅಂದರೆ ಹತ್ತದೆ, ಬೆಟ್ಟ ಏರಿ ಉಳಿಯುತ್ತೇನೆ ಅಂದು ಮುಳುಗಿದವನು. ನನಗೆ ಆ ಮಗನೇ ಜಾಸ್ತಿ ಹಿಡಿಸುತ್ತಾನೆ, ಆದರೆ ಅವನಿಗೆ ಮಕ್ಕಳಿಲ್ಲ, ಹೀಗಾಗಿ ಯಾವ ಜನಾಂಗಕ್ಕೂ ಅವನು ಬೇಕಾಗಿಲ್ಲ.

ಫರಿಶ್ತಾನ ಪಟ್ಟಿ ಹಿಡಿದು ನಾನು ಮೂಲಕ್ಕೆ ಹೋದೆ. ಹಾಸ್ಟೆಲಿನಲ್ಲಿದ್ದಾಗ ರೂಮ್‌ಮೇಟ್ ಕೊಟ್ಟ ಕನ್ನಡ ಬೈಬಲ್ ಇನ್ನೂ ನನ್ನ ಹತ್ತಿರ ಇದೆ. ಆದಿಕಾಂಡ, ಒಂಬತ್ತನೇ ಅಧ್ಯಾಯ. ಜಲಪ್ರಳಯ ಮುಗಿದಿದೆ. ನೋಹ ದ್ರಾಕ್ಷಿತೋಟ ಮಾಡಿ, ಮದ್ಯ ಕುಡಿದು, ಡೇರೆಯಲ್ಲಿ ಬಟ್ಟೆ ಇಲ್ಲದೆ ಬಿದ್ದುಕೊಂಡಿದ್ದಾನೆ. ಹಾಮ್ ನೋಡಿ ಹೊರಗೆ ಬಂದು ಅಣ್ಣತಮ್ಮಂದಿರಿಗೆ ಹೇಳುತ್ತಾನೆ. ಅವರಿಬ್ಬರು ಹೆಗಲ ಮೇಲೆ ಬಟ್ಟೆ ಇಟ್ಟುಕೊಂಡು, ಹಿಂದುಹಿಂದಕ್ಕೆ ನಡೆದು ಹೋಗಿ, ನೋಡದೆಯೇ ಅಪ್ಪನಿಗೆ ಹೊದಿಸುತ್ತಾರೆ. ನೋಹ ಎಚ್ಚರಾಗಿ ಶಾಪ ಕೊಡುತ್ತಾನೆ. ಯಾರಿಗೆ? ಹಾಮ್‌ಗೆ ಅಲ್ಲ. ಹಾಮ್‌ನ ಮಗ ಕಾನಾನನಿಗೆ. ನೀನು ನಿನ್ನ ದೊಡ್ಡಪ್ಪ ಚಿಕ್ಕಪ್ಪಂದಿರಿಗೆ ದಾಸರ ದಾಸನಾಗು ಅಂತ.

ಅಪ್ಪ ತಪ್ಪು ಮಾಡಿದರೆ ಮಗನಿಗೆ ಯಾಕೆ ಪೆಟ್ಟು? ಸಾವಿರಾರು ವರ್ಷ ಪಂಡಿತರು ಇದಕ್ಕೆ ತಲೆ ಕೆಡಿಸಿಕೊಂಡಿದ್ದಾರೆ. ಸುಮ್ನೆ ಓದಿದರೆ ಉತ್ತರ ಕಷ್ಟವೇನಲ್ಲ. ಈ ಕತೆ ಬರೆದಿಟ್ಟವರು ಇಸ್ರೇಲ್ಯರು. ಕಾನಾನ್ ಅನ್ನುವುದು ಅವರು ತಮ್ಮದು ಅಂದುಕೊಂಡ ನೆಲ. ಅಲ್ಲಿ ಮೊದಲೇ ಇದ್ದವರು ಕಾನಾನ್ಯರು. ಹೊಲ ನಮ್ಮದಾಗಬೇಕಾದರೆ ಹೊಲದವನ ಅಜ್ಜನ ಹತ್ತಿರ ಒಂದು ತಪ್ಪು ಹುಡುಕಬೇಕಲ್ವಾ? ನಮ್ಮೂರ ಚಾವಡಿಯಲ್ಲಿ ಇಂಥ ವಾದ ನಾನೇ ಕೇಳಿದ್ದೇನೆ.

ಹತ್ತನೇ ಅಧ್ಯಾಯ ಪೂರ್ತಿ ಹೆಸರುಗಳು. ಓದುವವರು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ. ಹಾರಿಸಬಾರದು. ಅದು ಹೆಸರಿನ ರೂಪದಲ್ಲಿರುವ ನಕಾಶೆ. ಸಂಪ್ರದಾಯದ ಲೆಕ್ಕದಲ್ಲಿ ಎಪ್ಪತ್ತು ಜನಾಂಗ. ಹಾಮ್‌ನ ನಾಲ್ವರು ಮಕ್ಕಳು ಕೂಷ್, ಮಿಚ್ರಯಿಮ್, ಪೂಟ್, ಕಾನಾನ್. ಕೂಷ್ ಅಂದರೆ ಈಜಿಪ್ಟಿನ ದಕ್ಷಿಣದ ನೂಬಿಯಾ. ಮಿಚ್ರಯಿಮ್ ಅಂದರೆ ಈಜಿಪ್ಟೇ. ಯೆಫೆತನ ಮಕ್ಕಳಲ್ಲಿ ಮಾದಾಯ್ ಅಂದರೆ ಇರಾನಿನ ಮೇದ್ಯರು. ಗೋಮೆರ್ ಅಂದರೆ ಕಪ್ಪು ಸಮುದ್ರದ ಕಡೆಯಿಂದ ದಾಳಿ ಮಾಡುತ್ತಿದ್ದ ಸಿಮ್ಮೇರಿಯರು, ಅಸ್ಸೀರಿಯದ ಬರಹಗಳಲ್ಲಿ ಗಿಮಿರ್ರಾಯ. ಜೆರೂಸಲೇಮಿನಲ್ಲಿ ನಿಂತು ಉತ್ತರಕ್ಕೂ ದಕ್ಷಿಣಕ್ಕೂ ಕತ್ತೆತ್ತಿ ನೋಡಿದರೆ ಎಷ್ಟು ಕಾಣುತ್ತದೋ ಅಷ್ಟು. ಚೀನಾ ಇಲ್ಲ. ನಾವೂ ಇಲ್ಲ. ಹಿಂದ್ ಎಂಬ ಮಗ ಬೈಬಲ್ಲಿನ ಹಾಮ್‌ಗೆ ಇಲ್ಲವೇ ಇಲ್ಲ. ಆ ಮಗನನ್ನು ಆಮೇಲೆ ಬಂದವರು ಹುಟ್ಟಿಸಿದ್ದು.

ಯೆಫೆತನ ಇನ್ನೊಬ್ಬ ಮಗ ಯಾವಾನ್. ಈ ಹೆಸರು ನೋಡಿದ ಕೂಡಲೇ ಕನ್ನಡದವರ ಕಿವಿ ನಿಮಿರಬೇಕು. ಹೌದು, ನಮ್ಮ ಯವನನೇ. ಗ್ರೀಕರ ಅಯೋನಿಯಾ ಹೀಬ್ರೂ ಬಾಯಲ್ಲಿ ಯಾವಾನ್ ಆಯಿತು, ಪಾರಸಿ ಬಾಯಲ್ಲಿ ಯೌನ ಆಯಿತು, ಸಂಸ್ಕೃತದಲ್ಲಿ ಯವನ. ಒಂದೇ ಜನಕ್ಕೆ ದೂರದೂರದವರು ಇಟ್ಟ ಒಂದೇ ಹೆಸರು. ತಮಾಷೆ ಏನೆಂದರೆ ಅವರಿಗೂ ಯವನರಿಗೆ ಒಬ್ಬ ಅಪ್ಪ ಬೇಕಿತ್ತು, ನಮಗೂ ಬೇಕಿತ್ತು. ಬೈಬಲ್ಲು ಯೆಫೆತನನ್ನು ಕೊಟ್ಟಿತು. ಮಹಾಭಾರತದ ಆದಿಪರ್ವ ಯಯಾತಿಯ ಮಗ ತುರ್ವಸುವನ್ನು ಕೊಟ್ಟಿತು. ಯದುವಿನಿಂದ ಯಾದವರು, ತುರ್ವಸುವಿನಿಂದ ಯವನರು, ದ್ರುಹ್ಯುವಿನಿಂದ ಭೋಜರು, ಅನುವಿನಿಂದ ಮ್ಲೇಚ್ಛರು, ಪೂರುವಿನಿಂದ ಪೌರವರು. ಅಪ್ಪ ಮುಪ್ಪು ತಗೋ ಅಂದಾಗ ತಗೊಂಡವನಿಗೆ ರಾಜ್ಯ, ಒಲ್ಲೆ ಅಂದವರ ಮಕ್ಕಳು ಹೊರಗಿನವರು. ಹಾಮ್‌ನ ಕತೆಗೂ ಇದಕ್ಕೂ ಎಷ್ಟು ದೂರ ಹೇಳಿ. ಎರಡರಲ್ಲೂ ಒಬ್ಬ ಮುದುಕ, ಒಂದು ಅವಮಾನ, ಒಂದು ಶಾಪ, ಆಮೇಲೆ ಜನಾಂಗಗಳು.

ಐತರೇಯ ಬ್ರಾಹ್ಮಣ ಎಂಬ ವೈದಿಕ ಗ್ರಂಥದ್ದು ಇನ್ನೂ ಹತ್ತಿರದ ಕತೆ. ವಿಶ್ವಾಮಿತ್ರ ಶುನಃಶೇಪನನ್ನು ದತ್ತು ತಗೊಂಡು ಹಿರಿಯ ಮಗನ ಸ್ಥಾನ ಕೊಟ್ಟ. ನೂರೊಂದು ಮಕ್ಕಳಲ್ಲಿ ಹಿರಿಯ ಐವತ್ತು ಜನ ಒಪ್ಪಲಿಲ್ಲ. ನಿಮ್ಮ ಸಂತತಿ ಅಂಚಿಗೆ ಹೋಗಲಿ ಅಂತ ಶಪಿಸಿದ. ಅವರೇ ಆಂಧ್ರರು, ಪುಂಡ್ರರು, ಶಬರರು, ಪುಲಿಂದರು, ಮೂತಿಬರು. ಮಾತು ಕೇಳದ ಮಕ್ಕಳೇ ನೆರೆಯವರು! ಇದನ್ನು ಓದಿದ ಮೇಲೆ ಫರಿಶ್ತಾನ ಮೇಲೆ ನನಗೆ ಗೌರವ ಜಾಸ್ತಿ ಆಯಿತು. ಅವನ ಪಟ್ಟಿಯಲ್ಲಿ ಕನ್ಹರ್‌ಗೆ ಯಾವ ಶಾಪವೂ ಇಲ್ಲ. ಪಾಲು ಸಿಕ್ಕಿತು, ಬದುಕಿದ, ಅಷ್ಟೇ.

ಭಾಷೆಯ ವಿಚಾರಕ್ಕೆ ಬಂದರೆ ಹತ್ತನೇ ಅಧ್ಯಾಯ ನಗೆಪಾಟಲು. ಕಾನಾನನ ಹಿರಿಯ ಮಗ ಸೀದೋನ್, ಅಂದರೆ ಫಿನೀಷಿಯರ ಪಟ್ಟಣ. ಫಿನೀಷಿಯರ ಮಾತು ಹೀಬ್ರೂವಿಗೆ ಒಡಹುಟ್ಟಿದ್ದು. ಆದರೂ ಹೀಬ್ರೂ ಆಡುವವರು ಶೇಮ್‌ನ ಕಡೆ, ಫಿನೀಷಿಯರು ಹಾಮ್‌ನ ಕಡೆ. ಬೇಡಾದ ನಂಟನ್ನು ಬೇರೆ ಮನೆಗೆ ಬರೆದುಬಿಟ್ಟಿದ್ದಾರೆ. ಇಷ್ಟಾದರೂ 1781ರಲ್ಲಿ ಜರ್ಮನಿಯ ಷ್ಲೋಟ್ಸರ್ ಶೇಮ್‌ನ ಹೆಸರು ಹಿಡಿದು ಹೀಬ್ರೂ, ಅರಬ್ಬಿಗಳನ್ನು ಸೆಮಿಟಿಕ್ ಭಾಷೆಗಳು ಅಂತ ಕರೆದ. ಅದೇ ನಿಂತಿತು. ಶೇಮ್‌ನ ಮಕ್ಕಳಲ್ಲಿ ಏಲಾಮ್ ಅಂತ ಒಬ್ಬನಿದ್ದಾನೆ. ಇರಾನಿನ ಹಳೆಯ ನಾಡಾದ ಏಲಾಮಿನ ಮಾತು ಸೆಮಿಟಿಕ್ ಅಲ್ಲವೇ ಅಲ್ಲ. ಅದಕ್ಕೂ ದ್ರಾವಿಡ ಭಾಷೆಗಳಿಗೂ ನಂಟು ಇರಬಹುದು ಅಂತ ಒಂದು ವಾದ ಇದೆ. ಹೆಚ್ಚಿನ ಪಂಡಿತರು ಒಪ್ಪಿಲ್ಲ. ಅಕಸ್ಮಾತ್ ಒಪ್ಪಿದರೆ ನಾವು ಕನ್ನಡದವರು ಹಾಮ್‌ನ ಮನೆಯಿಂದ ಗಂಟುಮೂಟೆ ಕಟ್ಟಿ ಶೇಮ್‌ನ ಮನೆಗೆ ಹೋಗಬೇಕಾಗುತ್ತದೆ.

ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದವು ಅಂತ 1786ರಲ್ಲಿ ಕಲಕತ್ತೆಯಲ್ಲಿ ಹೇಳಿದ ವಿಲಿಯಂ ಜೋನ್ಸ್‌ನನ್ನು ನಾವು ಆಧುನಿಕ ಭಾಷಾವಿಜ್ಞಾನಕ್ಕೆ ದಾರಿ ತೋರಿದವ ಅಂತ ಓದುತ್ತೇವೆ. ಅದೇ ಜೋನ್ಸ್ 1792ರಲ್ಲಿ ಜನಾಂಗಗಳ ಹುಟ್ಟಿನ ಬಗ್ಗೆ ಮಾತಾಡುತ್ತ ಹಿಂದೂಗಳನ್ನು ಹಾಮ್‌ನ ಸಂತತಿಗೆ ಸೇರಿಸಿದ. ಫರಿಶ್ತಾ ಹೇಳಿದ್ದೂ ಅದೇ ಮನೆ. ಫರಿಶ್ತಾನನ್ನು ಇಂಗ್ಲಿಷಿಗೆ ತಂದ ಜಾನ್ ಬ್ರಿಗ್ಸ್ ಸೈನಿಕ. ಅವನ ಅನುವಾದ 1829ರಲ್ಲಿ ಬಂತು. ಎರಡು ವರ್ಷದ ನಂತರ ಮೈಸೂರನ್ನು ಬ್ರಿಟಿಷರು ತಮ್ಮ ಕೈಗೆ ತಗೊಂಡಾಗ ಕಮಿಷನರ್ ಆಗಿ ಬಂದವನೂ ಇವನೇ.

ಇಲ್ಲಿಯವರೆಗೆ ನಕ್ಕೊಂಡು ಬರೆದೆ. ಮುಂದಿನದನ್ನು ನಗುತ್ತ ಬರೆಯೋಕೆ ಆಗಲ್ಲ.

ಕಾನಾನನ ಶಾಪದಲ್ಲಿ ಮೈಬಣ್ಣದ ಮಾತೇ ಇಲ್ಲ. ಬೇಕಾದರೆ ಒಂಬತ್ತನೇ ಅಧ್ಯಾಯ ತೆರೆದು ನೋಡಿ. ಆದರೆ ಕಾಲಕ್ರಮದಲ್ಲಿ ಶಾಪ ಕಾನಾನನಿಂದ ಹಾಮ್‌ಗೆ ಜಾರಿತು, ಹಾಮ್‌ನಿಂದ ಕೂಷ್‌ಗೆ, ಅಲ್ಲಿಂದ ಆಫ್ರಿಕಾದ ಎಲ್ಲರಿಗೂ. ಯಹೂದಿ, ಕ್ರೈಸ್ತ, ಮುಸ್ಲಿಂ, ಮೂರೂ ಕಡೆಯ ಕತೆಗಾರರು ಅದಕ್ಕೆ ಕೈ ಹಚ್ಚಿದ್ದಾರೆ. ಅಟ್ಲಾಂಟಿಕ್ ದಾಟಿ ಗುಲಾಮರನ್ನು ಸಾಗಿಸಿದವರಿಗೆ ಇದು ಸಿದ್ಧ ನೆಪವಾಯಿತು. 1861ರ ಮಾರ್ಚ್ 21ರಂದು ಅಮೆರಿಕದ ಸವಾನಾ ಊರಲ್ಲಿ, ಒಡೆದುಹೋದ ದಕ್ಷಿಣ ರಾಜ್ಯಗಳ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ ತುಂಬಿದ ಸಭೆಯಲ್ಲಿ ಮಾತಾಡಿದ. ಕರಿಯರು ಕೆಳಗಿರಬೇಕಾದವರು, ಅದು ಪ್ರಕೃತಿಯಿಂದಲೋ ಕಾನಾನನ ಶಾಪದಿಂದಲೋ ಆಗಿದೆ ಅಂತ. ಡೇರೆಯಲ್ಲಿ ಕುಡಿದು ಮಲಗಿದ್ದ ಒಬ್ಬ ಮುದುಕನ ಸಿಟ್ಟು ಅಲ್ಲಿಗೆ ಬಂದು ಮುಟ್ಟಿತ್ತು.

ಅದು ಅಲ್ಲಿಗೂ ನಿಲ್ಲಲಿಲ್ಲ, ಆದರೆ ತಿರುಗುಮುರುಗಾಯಿತು. ನೆಪೋಲಿಯನ್ 1798ರಲ್ಲಿ ಈಜಿಪ್ಟಿಗೆ ಹೋದ ಮೇಲೆ ಯುರೋಪಿನವರು ಅಲ್ಲಿನ ಗುಡಿಗಳನ್ನು ನೋಡಿ ಬೆರಗಾದರು. ಇಷ್ಟು ದೊಡ್ಡ ಕೆಲಸ ಮಾಡಿದ ಮಿಚ್ರಯಿಮ್‌ನ ಮಕ್ಕಳು ಶಾಪದವರು ಹೇಗಾಗುತ್ತಾರೆ? ಹಾಗಾದರೆ ಹಾಮ್‌ನವರು ಬಿಳಿಯರಿಗೆ ಹತ್ತಿರದವರೇ ಇರಬೇಕು. ಆಫ್ರಿಕಾದಲ್ಲಿ ಎಲ್ಲೇ ಒಳ್ಳೆಯ ರಾಜ್ಯ, ಒಳ್ಳೆಯ ವ್ಯವಸ್ಥೆ ಕಂಡರೂ ಉತ್ತರದಿಂದ ಬಂದ ಹಾಮ್‌ನವರು ಕಟ್ಟಿದ್ದು ಅಂತ ಬರೆಯತೊಡಗಿದರು. ನೈಲ್ ನದಿಯ ಮೂಲ ಹುಡುಕಿ ಹೋದ ಸ್ಪೀಕ್ 1863ರ ತನ್ನ ಪ್ರವಾಸಕಥನದಲ್ಲಿ, ದೊಡ್ಡ ಸರೋವರಗಳ ಸುತ್ತಲಿನ ರಾಜಮನೆತನಗಳು ಇಥಿಯೋಪಿಯಾ ಕಡೆಯಿಂದ ಬಂದವರು ಅಂತ ವಾದಿಸಿದ. ಒಂದು ಕಾಲಕ್ಕೆ ಶಾಪವಾಗಿದ್ದ ಹೆಸರು ಈಗ ಬಿರುದಾಯಿತು.

ರುವಾಂಡಾದಲ್ಲಿ ಆ ಬಿರುದು ಟುಟ್ಸಿಗಳಿಗೆ ಸಿಕ್ಕಿತು. ಹುಟುಗಳು ಮಣ್ಣಿನವರು, ಟುಟ್ಸಿಗಳು ಮೇಲಿಂದ ಬಂದ ಹಾಮ್‌ನವರು. ಇಬ್ಬರೂ ಆಡುವುದು ಒಂದೇ ಮಾತು, ಇರುವುದು ಅದೇ ಗುಡ್ಡಗಳ ಮೇಲೆ. ಬೆಲ್ಜಿಯಂನವರು 1930ರ ದಶಕದಲ್ಲಿ ಗುರುತಿನ ಚೀಟಿಯ ಮೇಲೆ ಅದನ್ನೇ ಅಚ್ಚು ಹಾಕಿದರು. ಮೊದಲು ಅದು ಟುಟ್ಸಿಗಳಿಗೆ ಕುರ್ಚಿ ಕೊಟ್ಟಿತು. ಆಮೇಲೆ ಅದೇ ಕತೆ ತಿರುಗಿ ನಿಂತಿತು: ಮೇಲಿಂದ ಬಂದವರಾದರೆ ಮೇಲಕ್ಕೇ ಹೋಗಿ. 1992ರ ನವೆಂಬರ್ 22ರಂದು ಲಿಯೋನ್ ಮುಗೆಸೆರಾ ಎಂಬ ರಾಜಕಾರಣಿ ಕಬಾಯ ಎಂಬ ಊರಲ್ಲಿ ಭಾಷಣ ಮಾಡಿದ. ನಿಮ್ಮ ಮನೆ ಇಥಿಯೋಪಿಯಾದಲ್ಲಿದೆ, ನ್ಯಾಬರೊಂಗೊ ಹೊಳೆಯ ಮೂಲಕ ಬೇಗ ಕಳಿಸಿಕೊಡುತ್ತೇವೆ ಅನ್ನುವ ಅರ್ಥದ ಮಾತು. 1994ರಲ್ಲಿ ಸುಮಾರು ನೂರು ದಿನಗಳಲ್ಲಿ ಲಕ್ಷಗಟ್ಟಲೆ ಟುಟ್ಸಿಗಳನ್ನು ಕೊಂದರು. ಎಷ್ಟೋ ಹೆಣಗಳನ್ನು ಹೊಳೆಗೆ ಎಸೆದರು. ಅವು ತೇಲಿಕೊಂಡು ವಿಕ್ಟೋರಿಯಾ ಸರೋವರದವರೆಗೆ ಹೋದವು. ಮುಗೆಸೆರಾಗೆ ರುವಾಂಡಾದ ನ್ಯಾಯಾಲಯ 2016ರಲ್ಲಿ ಜೀವಾವಧಿ ಶಿಕ್ಷೆ ಕೊಟ್ಟಿತು.

ಇದನ್ನು ಓದಿದ ದಿನ ನಾನು ಫರಿಶ್ತಾನ ಪಟ್ಟಿಗೆ ವಾಪಸ್ ಬಂದೆ. ಹಿಂದ್ ಮತ್ತು ಹಬಶ್ ಅಣ್ಣತಮ್ಮ. ಹಾಗಾದರೆ ಯಲ್ಲಾಪುರ, ಹಳಿಯಾಳದ ಕಾಡಿನಂಚಿನಲ್ಲಿ ಇರುವ, ಆಫ್ರಿಕಾ ಮೂಲದ ಸಿದ್ದಿಗಳು ನನಗೆ ಚಿಕ್ಕಪ್ಪನ ಮಕ್ಕಳ ಕಡೆ ಆಗಬೇಕು. ಫರಿಶ್ತಾ ಅಷ್ಟು ಯೋಚಿಸಿ ಬರೆದಿರಲಾರ. ಆದರೂ ಬರೆದದ್ದು ಬರೆದಂತೇ ಇದೆ.

ಇನ್ನು ಅವನ ಯಜಮಾನನ ವಂಶದ ಕತೆ. ಅದೇ ಪುಸ್ತಕದಲ್ಲಿ, ಆದಿಲ್‌ಶಾಹಿಗಳ ಅಧ್ಯಾಯದ ಶುರುವಿನಲ್ಲೇ ಇದೆ. ಮನೆತನದ ಮೂಲಪುರುಷ ಯೂಸುಫ್ ಆದಿಲ್ ಖಾನ್ ಬಹಮನಿಗಳ ಹತ್ತಿರ ಗುಲಾಮನಾಗಿ ಬಂದವನು. ಆದರೆ ಫರಿಶ್ತಾ ಹೇಳುವಂತೆ ಅವನು ಗುಲಾಮನೇ ಅಲ್ಲ, ತುರ್ಕಿಯ ಸುಲ್ತಾನ ಎರಡನೇ ಮುರಾದನ ಮಗ! 1451ರಲ್ಲಿ ಮುರಾದ ಸತ್ತು ಹಿರಿಯ ಮಗ ಪಟ್ಟಕ್ಕೆ ಬಂದಾಗ ತಮ್ಮನನ್ನು ಕೊಲ್ಲಿಸಲು ಹುಕುಂ ಆಯಿತು. ತಾಯಿ ಮಗನ ಬದಲು ಒಬ್ಬ ಗುಲಾಮ ಹುಡುಗನನ್ನು ಕೊಟ್ಟಳು. ತನ್ನ ಮಗನನ್ನು ಒಬ್ಬ ವ್ಯಾಪಾರಿಯ ಕೈಗಿಟ್ಟು ಪರ್ಶಿಯಾಕ್ಕೆ ದಾಟಿಸಿದಳು. ಅಲ್ಲಿನ ಸಾವಾ ಊರಲ್ಲಿ ಬೆಳೆದು, ಹಡಗು ಹತ್ತಿ, ದಾಭೋಳದಲ್ಲಿ ಇಳಿದ. ಇತಿಹಾಸಕಾರರು ಇದನ್ನು ನಂಬುವುದಿಲ್ಲ. ಸಿನಿಮಾಕ್ಕೆ ಹೇಳಿ ಮಾಡಿಸಿದ ಕತೆ. ನನಗೆ ಮಾತ್ರ ಓದಿದಾಗಲೆಲ್ಲ ಮನಸ್ಸು ನಿಲ್ಲುವುದು ಆ ಇನ್ನೊಬ್ಬ ಹುಡುಗನ ಹತ್ತಿರ. ರಾಜಕುಮಾರನ ಬದಲು ಕೊಟ್ಟ ಮಗು. ಅವನ ಹೆಸರನ್ನು ಯಾರೂ ಕೇಳಿಲ್ಲ. ಕಟ್ಟುಕತೆಯೊಳಗೂ ಅವನು ಸಾಯಲೇಬೇಕಾಯಿತು, ಇನ್ನೊಬ್ಬರ ವಂಶ ಬೆಳೆಯೋದಕ್ಕೆ.

ಹಡಗಿನಲ್ಲಿದ್ದ ಹೆಂಗಸರದ್ದೂ ಇದೇ ಪಾಡು. ನೋಹನ ಹೆಂಡತಿಗೆ ಆದಿಕಾಂಡದಲ್ಲಿ ಹೆಸರಿಲ್ಲ. ಮೂವರು ಸೊಸೆಯರಿಗೂ ಇಲ್ಲ. ಲೋಕದ ಎಲ್ಲ ಜನಾಂಗಗಳನ್ನೂ ಹೆತ್ತವರು ಅವರೇ, ಕತೆಯನ್ನು ನಂಬುವುದಾದರೆ. ಆಮೇಲಿನ ಯಹೂದಿ ಗ್ರಂಥಗಳು ನೋಹನ ಹೆಂಡತಿಗೆ ಒಂದು ಕಡೆ ಎಮ್ಜಾರಾ ಅಂತ, ಇನ್ನೊಂದು ಕಡೆ ನಾಮಾ ಅಂತ ಹೆಸರಿಟ್ಟವು. ನನಗೆ ಆಯಿ ಒಳಗಿನಿಂದ ಕೂಗಿದ್ದು ಕೇಳಿಸಿತು.

ಮೊನ್ನೆ ಊರಿಗೆ ಫೋನ್ ಮಾಡಿದಾಗ ಚಿಕ್ಕಪ್ಪನ ಮಗ ಹೇಳಿದ, ಹೆಳವ ಬಂದಿದ್ದ ಅಂತ. ಈಗ ಎತ್ತು ಇಲ್ಲ, ಬೈಕ್ ಮೇಲೆ ಬರುತ್ತಾನೆ. ಹಳೆಯವನ ಮೊಮ್ಮಗ. ಗಂಟೆ ಮಾತ್ರ ಅದೇ. ನನ್ನ ಮಗಳ ಹೆಸರು ಬರೆಸಿದೆಯಾ ಅಂತ ಕೇಳಿದೆ. ಬರೆಸಿದ್ದಾನೆ. ಸ್ವಲ್ಪ ಚೌಕಾಸಿ ಆಯಿತಂತೆ, ಎರಡು ಸೇರು ಜೋಳ ಜಾಸ್ತಿ ಕೊಟ್ಟ ಮೇಲೆ ಬರೆದುಕೊಂಡನಂತೆ.

ನಾನು ಕನ್ಹರ್ ವಿಷಯ ಹೇಳಿದ್ದನ್ನೂ ಇವನು ತಮಾಷೆಗೆ ಅವನ ಮುಂದೆ ಬಿಟ್ಟಿದ್ದಾನೆ. ನಮ್ಮ ಮನೆತನದ ಆ ಶೂರನ ಮೇಲೆ ಇನ್ನೂ ಒಬ್ಬ ಇದ್ದಾನಂತೆ, ಅವನ ಮೇಲೆ ದಖನ್, ಹಿಂದ್, ಹಾಮ್, ಕೊನೆಗೆ ಪ್ರಳಯದಲ್ಲಿ ಉಳಿದ ಮುದುಕ. ಬಿಜಾಪುರದ ಅರಮನೆಯಲ್ಲಿ ಒಬ್ಬರು ಬರೆದಿಟ್ಟಾರ, ನಿನ್ನ ಪುಸ್ತಕದಾಗೂ ಸೇರಿಸ್ಕೋ ಅಂತ. ಹೆಳವ ಬೈಕ್ ಸ್ಟ್ಯಾಂಡ್ ಹಾಕಿ ಪೂರ್ತಿ ಕೇಳಿದನಂತೆ. ನಗಲಿಲ್ಲ. ಪೆನ್ನು ಮುಚ್ಚಿ ಜೇಬಿಗೆ ಇಟ್ಟುಕೊಂಡು ಒಂದೇ ಮಾತು ಕೇಳಿದನಂತೆ.

"ಅದನ್ನ ಬರದವಗ ಜ್ವಾಳ ಯಾರ ಕೊಟ್ಟಿದ್ರು?"